ಬುಚೋಗೆ ಒಂದು ಗೆಲುವು

ನಾನು ನನ್ನ ಮೇಲಧಿಕಾರಿಯನ್ನು ಎರಡೂ ತೊಡೆ ಹಿಡಿದು ಸಿಮೆಂಟು ನೆಲಕ್ಕೆ ಕೆಡವಿದ ಮನುಷ್ಯ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದ ಹೇಳುತ್ತಿದ್ದೇನೋ ನನಗೇ ಸರಿಯಾಗಿ ಗೊತ್ತಿಲ್ಲ. ಕೆಡವಿದ್ದು ಮಾತ್ರ ಹೌದು. ಹಾಡಹಗಲೇ, ಹತ್ತು ಹನ್ನೆರಡು ಜನರ ಕಣ್ಣೆದುರಿಗೆ.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಜಪಾನಿ ಕಂಪೆನಿಯ ಗೋದಾಮಿನಲ್ಲಿ ನಾನು ಸ್ಟೋರ್ ಸೂಪರ್‌ವೈಸರ್. ಯಂತ್ರಗಳ ಬಿಡಿಭಾಗಗಳು ಕಂಟೇನರಿನಲ್ಲಿ ಬರುತ್ತವೆ, ನಾವು ಬಿಚ್ಚಿ, ಎಣಿಸಿ, ಕಪಾಟಿಗೇರಿಸುತ್ತೇವೆ. ಮೂರು ವರ್ಷದ ಹಿಂದಿನ ಮಾತು. ಚಳಿಗಾಲ ಆಗಷ್ಟೇ ಶುರುವಾಗಿತ್ತು. ಇಳಿಜಾರಿನ ಮೇಲೆ ನಿಲ್ಲಿಸಿದ್ದ ಟ್ರಾಲಿಯೊಂದು, ಮೈತುಂಬ ಕಬ್ಬಿಣದ ಸಾಮಾನು ಹೊತ್ತುಕೊಂಡು, ತನ್ನಷ್ಟಕ್ಕೆ ಉರುಳಲು ತೊಡಗಿತು. ಕೆಳಗೆ ನಮ್ಮ ವಿಭಾಗದ ಮುಖ್ಯಸ್ಥರು ಬೆನ್ನು ಹಾಕಿ ನಿಂತು ಏನನ್ನೋ ಬರೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಫೋರ್ಕ್‌ಲಿಫ್ಟ್ ಕೀಂ ಕೀಂ ಎನ್ನುತ್ತಿತ್ತು. ಕೂಗಿದರೆ ಕೇಳುವ ಹಾಗಿರಲಿಲ್ಲ. ನಾನು ಓಡಿದೆ, ಹಾರಿದೆ, ತೊಡೆಗಳೆರಡನ್ನೂ ತಬ್ಬಿ, ಭುಜವನ್ನು ಸೊಂಟಕ್ಕೆ ಕೊಟ್ಟು, ಅವರನ್ನು ಹೊತ್ತುಕೊಂಡೇ ಆಚೆ ಬಿದ್ದೆ. ಟ್ರಾಲಿ ನಮ್ಮನ್ನು ದಾಟಿ ಹೋಗಿ ಗೋಡೆಗೆ ಬಡಿಯಿತು.

ಅವರು ಎದ್ದು ಕೂತರು. ಕನ್ನಡಕದ ಒಂದು ಗಾಜು ಇರಲಿಲ್ಲ. ಒಡೆದ ಗೋಡೆ ನೋಡಿದರು, ನನ್ನ ಕೈ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. “ಎಲ್ಲಿ ಕಲಿತದ್ದು?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಕಬಡ್ಡಿ, ಸರ್,” ಎಂದೆ.

ಅವರು ಮೈ ಕೊಡವಿಕೊಂಡು ಒಳಗೆ ಹೋದರು. ಫೋರ್ಕ್‌ಲಿಫ್ಟಿನ ಮಲಯಾಳಿ ಚಾಲಕ ನನ್ನ ಬೆನ್ನು ತಟ್ಟಿ, “ಖಲಾಸ್ ಭಾಯ್, ಊರಿಗೆ ಟಿಕೆಟ್ ಮಾಡು,” ಎಂದ. ಜೀವ ಉಳಿಸಿದವನಿಗೆ ಇದು ಬಹುಮಾನ! ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಕೆಲಸದಿಂದ ತೆಗೆದರೆ ಏನೇನು ಹೇಳಿ ಹೊರಗೆ ಬರಬೇಕು ಎಂದು ರಾತ್ರಿಯಿಡೀ ಮನಸ್ಸಿನಲ್ಲೇ ಇಂಗ್ಲಿಷ್ ಜೋಡಿಸಿಕೊಂಡೆ.

ಬೆಳಿಗ್ಗೆ ಕರೆ ಬಂತು. ಹೋದರೆ, ಅವರು ಬಿಳಿ ಹಲಗೆಯ ಮೇಲೆ ಇಬ್ಬರು ಮನುಷ್ಯರ ಚಿತ್ರ ಬರೆದು ಬಾಣದ ಗುರುತು ಹಾಕಿಟ್ಟಿದ್ದರು. “ನಿನ್ನೆ ನಿಮ್ಮ ತಲೆ ಈ ಕಡೆ ಇತ್ತು. ಬಹಳ ಸರಿ. ಎಲ್ಲರೂ ಆ ಕಡೆ ಇಡುತ್ತಾರೆ, ಕುತ್ತಿಗೆ ಮುರಿದುಕೊಳ್ಳುತ್ತಾರೆ,” ಎಂದರು. ಆಮೇಲೆ ತುಂಬ ಮರ್ಯಾದೆಯಿಂದ, “ದಯವಿಟ್ಟು ಇನ್ನೊಂದು ಸಲ ಮಾಡಬಹುದೇ?” ಎಂದು ಕೇಳಿದರು. ಗೋದಾಮಿನ ಹಿಂದಿನ ಪಾರ್ಕಿಂಗಿನಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿದೆವು. ಅವರು ಟೈ ಕಳಚಿ ಓಡಿ ಬಂದರು, ನಾನು ಕೆಡವಿದೆ. ಒಂದಲ್ಲ, ಏಳು ಸಲ. ಪ್ರತಿ ಸಲ ಎದ್ದಾಗಲೂ ಅವರ ಮುಖದ ನಗು ಒಂದಿಷ್ಟು ದೊಡ್ಡದಾಗುತ್ತಿತ್ತು. ಆಫೀಸಿನ ಕಿಟಕಿಗಳಲ್ಲೆಲ್ಲ ತಲೆಗಳು.

ಅವರನ್ನು ಎಲ್ಲರೂ ಬುಚೋ ಎನ್ನುತ್ತಿದ್ದರು. ವಿಭಾಗದ ಮುಖ್ಯಸ್ಥನಿಗೆ ಜಪಾನಿಯಲ್ಲಿ ಹಾಗನ್ನುತ್ತಾರಂತೆ. ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯುವ ಪದ್ಧತಿ ಅವರಲ್ಲಿ ಇಲ್ಲ. ವಯಸ್ಸು ನಲವತ್ತೆರಡು, ಗಿಡ್ಡ ದೇಹ, ಗಟ್ಟಿ ಕುತ್ತಿಗೆ, ಬಲ ಮೊಣಕಾಲಿನ ಮೇಲೆ ಜರಿಹುಳದಂಥ ಹೊಲಿಗೆಯ ಗುರುತು. ಅಮೆರಿಕನ್ ಫುಟ್‌ಬಾಲಿನ ಹುಚ್ಚು. ಜಪಾನಿನಲ್ಲಿ ದೊಡ್ಡ ಕಂಪೆನಿಗಳಿಗೆ ತಮ್ಮದೇ ತಂಡಗಳಿರುತ್ತವೆ, ಆಟಗಾರರು ಹಗಲು ಕಚೇರಿ ಕೆಲಸ ಮಾಡಿ ಸಂಜೆ ಮೈದಾನಕ್ಕೆ ಇಳಿಯುತ್ತಾರೆ, ಎದೆಯ ಮೇಲೆ ಕಂಪೆನಿಯ ಹೆಸರು ಹೊತ್ತು ಆಡುತ್ತಾರೆ. ಹಾಗೆ ಆಡಿ ಬಂದವರು, ಕಾಲೇಜಿನಲ್ಲಿ ಆಡಿದವರು, ಬ್ಯಾಂಕು, ಹಡಗು, ಕಾರಿನ ಬಿಡಿಭಾಗ ಅಂತ ಬೇರೆ ಬೇರೆ ಕಂಪೆನಿಯ ಜಪಾನಿಗಳು ದುಬೈಯಲ್ಲಿ ಒಟ್ಟು ಸೇರಿ ತಂಡ ಕಟ್ಟಿದ್ದರು. ಆದರೆ ಅವರಿಗೆ ವರ್ಗಾವಣೆಯ ಕಾಟ. ಯಾರಿಗೆ ಯಾವಾಗ ಆದೇಶ ಬರುತ್ತದೆಂದು ಹೇಳುವ ಹಾಗಿಲ್ಲ. ಬಂದರೆ ಎರಡು ವಾರದಲ್ಲಿ ಗಂಟುಮೂಟೆ ಕಟ್ಟಬೇಕು. ಆ ಚಳಿಗಾಲದಲ್ಲಿ ಉಳಿದವರು ಹತ್ತು ಜನ. ಹನ್ನೊಂದು ಜನ ಇಲ್ಲದೆ ಪಂದ್ಯ ಶುರು ಮಾಡುವ ಹಾಗಿಲ್ಲ. ಅಂಥ ಹೊತ್ತಿನಲ್ಲೇ ನಾನು ಟ್ರಾಲಿಯ ಮುಂದೆ ಹಾರಿದ್ದು.

ಹನ್ನೊಂದನೆಯವನಾಗಿ ಆಡಲು ಬುಚೋ ಕರೆದ ವಿಷಯವನ್ನು ಅಲ್ ನಹ್ದಾದ ನಮ್ಮ ಮನೆಯಲ್ಲಿ ಹೇಳಿದಾಗ ಹೆಂಡತಿ ಮೀನಿಗೆ ಮಸಾಲೆ ಹಚ್ಚುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಮುರಿದ ಕೈಕಾಲುಗಳ ವಾರ್ಡಿನಲ್ಲೇ ಡ್ಯೂಟಿ.

“ನಿಮಗೆ ಮೂವತ್ತೆಂಟು ಆಯ್ತು ಮಾರಾಯ್ರೆ, ಇಪ್ಪತ್ತೆಂಟಲ್ಲ,” ಎಂದಳು. “ಊರಲ್ಲಿ ಕಬಡ್ಡಿ ಆಡಿ ಆಡಿ ಒಂದು ಬೆರಳು ಸೊಟ್ಟ ಆದದ್ದು ಸಾಕಾಗ್ಲಿಲ್ವಾ? ಮೂಳೆ ಮುರಿದ್ರೆ ನನ್ನ ಹಾಸ್ಪಿಟ್ಲಿಗೆ ಮಾತ್ರ ಬರ್ಬೇಡಿ. ನನಗೆ ಮರ್ಯಾದೆ ಉಂಟು.”

ಒಂಬತ್ತು ವರ್ಷದ ಮಗಳು ಟ್ಯಾಬ್ ನೋಡುತ್ತಲೇ, “ಪಪ್ಪಾ, ಯೂ ವಿಲ್ ಡೈ,” ಎಂದಳು. ಅಷ್ಟು ಹೇಳಿದ ಮೇಲೆ ನಾನು ಹೋಗದೆ ಇರುತ್ತೇನೆಯೇ?

ಶನಿವಾರ ಬೆಳಿಗ್ಗೆ ಆರಕ್ಕೆ ಅಭ್ಯಾಸ ಎಂದಿದ್ದರು. ನಾನು ಆರೂ ಐದಕ್ಕೆ ತಲುಪಿದೆ. ನಮ್ಮ ಕಡೆಯ ಲೆಕ್ಕದಲ್ಲಿ ಅದು ಬೇಗವೇ ಹೌದು. ಆದರೆ ಮೈದಾನದಂಚಿನಲ್ಲಿ ಹತ್ತೂ ಜನ ಸಾಲಾಗಿ, ಕೈ ಕಟ್ಟಿ, ಸುಮ್ಮನೆ ನಿಂತಿದ್ದರು. ಐದೂ ಮುಕ್ಕಾಲಿನಿಂದ ನಿಂತಿದ್ದರಂತೆ. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಟ್ರಾಫಿಕ್ಕು ಅಂತ ತಿರುಗಿ ಕೂಗಾಡಬಹುದಿತ್ತು. ಹತ್ತು ಜನ ಒಟ್ಟಿಗೆ ಮೈದಾನಕ್ಕೆ ತಲೆ ಬಾಗಿಸಿ ನಮಸ್ಕರಿಸಿದರು, ನಾನೂ ಬಾಗಿದೆ. ಮುಂದಿನ ವಾರದಿಂದ ನಾನು ಐದೂ ನಲವತ್ತಕ್ಕೆ ಹಾಜರು.

ಆ ಆಟದ ಸಲಕರಣೆಗಳನ್ನು ಹಾಕಿಕೊಳ್ಳುವುದೇ ಒಂದು ಸಾಹಸ. ಭುಜಕ್ಕೆ ದಪ್ಪನೆಯ ಕವಚ, ತೊಡೆಗೆ ಮೆತ್ತೆ, ಬಾಯಿಗೆ ರಬ್ಬರು, ತಲೆಗೆ ಸರಳು ಹಾಕಿದ ಹೆಲ್ಮೆಟ್. ಬಿಸಿಲೇರಿದ ಮೇಲೆ ಹೆಲ್ಮೆಟ್ಟಿನೊಳಗಿನ ನನ್ನ ತಲೆ ಹಬೆಗಿಟ್ಟ ಮೂಡೆ ಕಡುಬಿನಂತೆ ಬೇಯುತ್ತಿತ್ತು. ಚೆಂಡೋ, ಸಣ್ಣ ಪಪ್ಪಾಯಿ ಗಾತ್ರದ್ದು, ಎರಡೂ ತುದಿ ಚೂಪು. ಆದರೆ ಆಟದ ತಿರುಳು ನನಗೆ ಅರ್ಧ ಗಂಟೆಯಲ್ಲಿ ಅರ್ಥವಾಯಿತು. ಚೆಂಡು ಹಿಡಿದವನು ಮುಂದೆ ಹೋಗಬೇಕು, ಎದುರಿನವರು ಅವನನ್ನು ನೆಲಕ್ಕೆ ಹಾಕಬೇಕು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಅಷ್ಟರಲ್ಲಿ ಆಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಆರು ಅಂಕ. ಮಾತಾಡದೆ ಓಡುವ ಕಬಡ್ಡಿ ಅಂತ ನಾನು ಲೆಕ್ಕ ಹಾಕಿಕೊಂಡೆ. ಸಿಕ್ಕಿದವನನ್ನು ಹಿಡಿದು ಉರುಳಿಸಲು ಬಿಟ್ಟರಲ್ಲ, ಅದಕ್ಕಿಂತ ಇನ್ನೇನು ಬೇಕು! ಹದಿನೈದು ವರ್ಷ ಊರಿನ ತಂಡದಲ್ಲಿ ಎಡ ಕಾರ್ನರಿನಲ್ಲಿ ನಿಂತು ರೈಡರುಗಳ ಪಾದ ಹಿಡಿದವನು ನಾನು. ಗಲ್ಫಿಗೆ ಬಂದ ಮೇಲೆ ಈ ಕೈಗಳು ಡಬ್ಬಗಳನ್ನು ಮಾತ್ರ ಹಿಡಿದಿದ್ದವು. ಮೊದಲ ಸಲ ಒಬ್ಬ ಬ್ಯಾಂಕಿನವನನ್ನು ಹುಲ್ಲಿನ ಮೇಲೆ ಕೆಡವಿದಾಗ ಮೈಯೆಲ್ಲ ಜುಮ್ಮೆಂದಿತು. ಬಿದ್ದವನು ಬಿದ್ದಲ್ಲಿಂದಲೇ ನನಗೆ ಧನ್ಯವಾದ ಹೇಳಿದ.

ಹಳೆಯ ಚಾಳಿ ಸುಲಭಕ್ಕೆ ಬಿಡುವುದಿಲ್ಲ. ಎದುರಾಳಿ ಬರುತ್ತಿದ್ದಾನೆಂದು ಗೊತ್ತಾದರೆ ಕಬಡ್ಡಿಯಲ್ಲಿ ಪಕ್ಕದವನ ಕೈ ಹಿಡಿದು ಸರಪಳಿ ಮಾಡುತ್ತೇವೆ. ಮೊದಲ ದಿನ ನನ್ನ ಪಕ್ಕ ನಿಂತಿದ್ದವರು ಒಬ್ಬ ತೆಳ್ಳಗಿನ ಅಕೌಂಟೆಂಟ್. ಸೀಟಿ ಊದಿದ್ದೇ ತಡ, ನಾನು ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಕೈ ನೋಡಿಕೊಂಡರು, ನನ್ನನ್ನು ನೋಡಿದರು, ಇದೇನೋ ಭಾರತೀಯ ಪದ್ಧತಿ ಇರಬೇಕೆಂದು ಅವರೂ ಹಿಡಿದುಕೊಂಡರು. ಇಬ್ಬರೂ ಕೈ ಕೈ ಹಿಡಿದು ನಿಂತಿರುವಾಗ ಚೆಂಡಿನವನು ನಮ್ಮನ್ನು ಸುತ್ತು ಹಾಕಿ ಆರಾಮವಾಗಿ ಹೋದ. ಅಂದಿನಿಂದ ನನಗೆ, ಹೆಸರಿನ ಕೊನೆಗೆ ಅವರು ಮರ್ಯಾದೆಗೆ ಹಚ್ಚುವ ಸಾನ್ ಸೇರಿಸಿ, ಕಬಡ್ಡಿ-ಸಾನ್ ಎಂದು ಹೆಸರಾಯಿತು.

ನನಗೆ ಸಹಿಸಲಾಗದೆ ಹೋದದ್ದು ಅಭ್ಯಾಸದ ಕೊನೆಯ ಕಾರ್ಯಕ್ರಮ. ಎಲ್ಲರೂ ವೃತ್ತಾಕಾರವಾಗಿ ಕೂತು, ಒಬ್ಬೊಬ್ಬರಾಗಿ, ಇಂದು ತಾನು ಏನು ತಪ್ಪು ಮಾಡಿದೆ ಎಂದು ಹೇಳಬೇಕು. ಇನ್ನೊಬ್ಬರದ್ದಲ್ಲ, ತನ್ನದು! ಒಬ್ಬ ಎರಡು ಹೆಜ್ಜೆ ತಡವಾಯಿತು ಎಂದ. ಇನ್ನೊಬ್ಬ ನಿನ್ನೆ ಸರಿಯಾಗಿ ನಿದ್ದೆ ಮಾಡದ್ದು ತನ್ನ ತಪ್ಪು ಎಂದ. ನಮ್ಮೂರಲ್ಲಿ ಪಂದ್ಯ ಸೋತರೆ ಮೊದಲು ಅಂಪೈರಿನ ತಪ್ಪು, ಆಮೇಲೆ ನೆಲದ ತಪ್ಪು, ಕೊನೆಗೆ ಪಕ್ಕದವನ ತಪ್ಪು. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿದ್ದಿರಬೇಕು. ನನ್ನ ಸರದಿ ಬಂದಾಗ, “ಬಿಸಿಲು ಕಣ್ಣಿಗೆ ಹೊಡೀತಿತ್ತು,” ಎಂದೆ. ಹತ್ತೂ ಜನ ಸೂರ್ಯನನ್ನು ತಿರುಗಿ ನೋಡಿದರು. ಯಾರೂ ನಗಲಿಲ್ಲ.

ಮೂರು ಪಂದ್ಯ ಆಡಿದೆವು, ಮೂರೂ ಸೋತೆವು. ಅದಕ್ಕಿಂತ ಹಿಂದಿನ ಎರಡು ವರ್ಷವೂ ಅವರು ಒಂದೂ ಗೆದ್ದಿರಲಿಲ್ಲ. ಎದುರಾಳಿಗಳೆಲ್ಲ ಜಿಮ್ಮಿನ ತರಬೇತಿದಾರರು, ಶಾಲೆಯ ಆಟದ ಮೇಷ್ಟ್ರುಗಳು, ಒಬ್ಬೊಬ್ಬರೂ ನಮ್ಮ ಒಂದೂವರೆ ಪಾಲು. ಅವರಲ್ಲಿ ಮೂವತ್ತು ಜನ ಇರುತ್ತಾರೆ, ಸುಸ್ತಾದವನು ಹೊರಗೆ ಹೋಗಿ ಇನ್ನೊಬ್ಬ ಬರುತ್ತಾನೆ. ನಾವು ಹನ್ನೊಂದೇ ಜನ, ಚೆಂಡು ನಮ್ಮದಾದರೂ ನಾವೇ, ಅವರದಾದರೂ ನಾವೇ.

ಮೂರನೆಯ ಸೋಲಿನ ಮರುವಾರ ಅಭ್ಯಾಸ ಮುಗಿಸಿ ಬುಚೋ ಮತ್ತು ನಾನು ಗೋದಾಮಿನ ಹತ್ತಿರದ ಕೆಫೆಟೇರಿಯಾದಲ್ಲಿ ಪರೋಟ ತಿನ್ನುತ್ತಿದ್ದೆವು. ಅವರಿಗೆ ಕಡಕ್ ಚಹಾದ ಚಟ ಹಿಡಿದಿತ್ತು. ಎರಡನೆಯ ಲೋಟ ಮುಗಿಸಿ, ಆಫೀಸಿನಲ್ಲಿ ವರದಿ ಒಪ್ಪಿಸುವ ದನಿಯಲ್ಲೇ ಹೇಳಿದರು. “ಏಪ್ರಿಲ್‌ನಿಂದ ನಾನು ಟೋಕಿಯೊ ಕಚೇರಿಗೆ. ಆದೇಶ ಬಂದಿದೆ. ಇನ್ನು ಒಂದು ಪಂದ್ಯ.”

ನಾನು ಕೈಯಲ್ಲಿದ್ದ ಪರೋಟವನ್ನು ತಟ್ಟೆಗೆ ಹಾಕಿದೆ. “ಅಲ್ಲಿ ದೊಡ್ಡ ತಂಡ ಇದೆಯಲ್ಲ ಸರ್, ಅಲ್ಲಿ ಆಡಬಹುದಲ್ಲ,” ಎಂದೆ.

ಅವರು ಮೊಣಕಾಲು ತಟ್ಟಿ ತೋರಿಸಿ ತಲೆಯಾಡಿಸಿದರು. ಆಮೇಲೆ ನಿಧಾನವಾಗಿ ಒಂದು ಕತೆ ಹೇಳಿದರು. ಹನ್ನೆರಡು ವರ್ಷ ಅವರು ಕಂಪೆನಿಯ ತಂಡದಲ್ಲಿದ್ದರು. ಚೆಂಡು ಎಸೆಯುವವನ ಜಾಗ ಅವರದು, ಆದರೆ ಎರಡನೆಯವರು. ಮೊದಲನೆಯವನಿಗೆ ಪೆಟ್ಟಾದರೆ ಮಾತ್ರ ಇವರು ಇಳಿಯಬೇಕು. ಮೊದಲನೆಯವನು ಕಲ್ಲುಗುಂಡು, ಅವನಿಗೆ ಪೆಟ್ಟೇ ಆಗಲಿಲ್ಲ. ಆಗೊಮ್ಮೆ ಈಗೊಮ್ಮೆ ಸೋಲು ಖಚಿತವಾದ ಪಂದ್ಯದ ಕೊನೆಗೆ ಎರಡು ನಿಮಿಷ ಇಳಿಸುತ್ತಿದ್ದರಂತೆ. ತಂಡ ಎರಡು ಸಲ ಪದಕ ಗೆದ್ದಿತು. ಎರಡು ಸಲವೂ ಕೊನೆಯ ಸೀಟಿ ಊದಿದಾಗ ಇವರು ಗೆರೆಯ ಹೊರಗೆ, ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದರು.

“ಪದಕ ಮನೆಯಲ್ಲಿದೆ,” ಎಂದರು. “ಆದರೆ ಗೆದ್ದ ಕ್ಷಣದಲ್ಲಿ ಮೈದಾನದ ಒಳಗೆ ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ. ಒಂದು ಸಲ ಒಳಗೆ ನಿಂತು ನೋಡಬೇಕು ಎಂದು ಆಸೆ.”

ನನಗೆ ಗೊತ್ತಿತ್ತು ಹೇಗಿರುತ್ತದೆಂದು. ಊರಿನ ಅಂಕಣಗಳಲ್ಲಿ ಎಷ್ಟೋ ಸಲ ಗೆದ್ದು, ಜನ ಹೆಗಲಿಗೇರಿಸಿ ಕುಣಿದಿದ್ದಾರೆ. ಅದು ನನಗೆ ಬೇಕಾದಷ್ಟು ಸಿಕ್ಕಿತ್ತು, ಇವರಿಗೆ ಒಂದು ಸಲವೂ ಇಲ್ಲ. ಈ ಮನುಷ್ಯನನ್ನು ಗೆಲ್ಲಿಸಿಯೇ ಕಳಿಸಬೇಕು ಎಂದು ಚಹಾದ ಲೋಟದ ಮುಂದೆ ಕೂತು ಹಟ ತೊಟ್ಟೆ.

ಕೊನೆಯ ಪಂದ್ಯ ಅಬುಧಾಬಿಯಲ್ಲಿ, ಬನಿಯಾಸ್ ಕಡೆಯ ಒಂದು ಮೈದಾನದಲ್ಲಿ. ಭಾನುವಾರ ಮಧ್ಯಾಹ್ನ ಮೂರೂವರೆ. ಹೆಂಡತಿ ರಜೆ ಹಾಕಿ, ಮಗಳನ್ನೂ ಕರೆದುಕೊಂಡು, ಐಸಿನ ಪೆಟ್ಟಿಗೆ ಮತ್ತು ಬ್ಯಾಂಡೇಜಿನ ಚೀಲದೊಂದಿಗೆ ಬಂದಿದ್ದಳು. “ನಿಮಗಾಗಿ ಅಲ್ಲ, ಆ ಪಾಪದ ಜಪಾನಿಯವರಿಗಾಗಿ,” ಎಂದು ಮೊದಲೇ ಹೇಳಿಬಿಟ್ಟಿದ್ದಳು. ಎದುರಾಳಿಗಳಲ್ಲಿ ಚೆಂಡು ಹಿಡಿದು ಓಡುವವನು ಒಬ್ಬ ಶಾಲೆಯ ಮೇಷ್ಟ್ರು. ಬಾಗಿಲಿನಷ್ಟು ಅಗಲದ ಆಳು, ಆದರೆ ಬಹಳ ಒಳ್ಳೆಯವನು. ಪಂದ್ಯಕ್ಕೆ ಮೊದಲು ಪ್ರತಿಯೊಬ್ಬರ ಮುಷ್ಟಿಗೂ ಮುಷ್ಟಿ ತಾಗಿಸಿ ಶುಭ ಹಾರೈಸಿದ.

ಶುರುವಿನಲ್ಲಿ ನಾವು ಹಿಡಿದ ಹಿಡಿತ ಏನು ಹೇಳಲಿ! ಮೇಷ್ಟ್ರು ನನ್ನ ಕಡೆಗೆ ಬಂದಾಗಲೆಲ್ಲ ನಾನು ಪಾದಕ್ಕೇ ಕೈ ಹಾಕಿದೆ. ಎಂಥ ಆನೆಯಾದರೂ ಪಾದ ಎತ್ತಲೇಬೇಕಲ್ಲ. ಎತ್ತಿದ ಪಾದ ಸಿಕ್ಕಿದರೆ ಸಾಕು, ಮಿಕ್ಕಿದ್ದು ತಾನಾಗಿ ಬರುತ್ತದೆ. ಮೂರು ಸಲ ಉರುಳಿಸಿದೆ. ಮೂರನೆಯ ಸಲ ಅವನು, “ನೀನು ಎಲ್ಲಿಂದ ಬರುತ್ತಿ ಮಾರಾಯ, ಕಾಣುವುದೇ ಇಲ್ಲ,” ಎಂಬರ್ಥದಲ್ಲಿ ಏನೋ ಹೇಳಿ ನಕ್ಕ. ಹೊರಗಿನಿಂದ ಮಗಳು ಕಿರುಚುವುದು ಕೇಳುತ್ತಿತ್ತು. “ಗೋ ಪಪ್ಪಾ! ಗೋ!” ನನಗೆ ಇಪ್ಪತ್ತೆಂಟೇ ಆಗಿತ್ತು ಆಗ.

ಜಂಭ ಜಾಸ್ತಿಯಾದರೆ ಹೀಗೇ ಆಗುವುದು. ಮೊದಲರ್ಧ ಮುಗಿಯಲು ಸ್ವಲ್ಪವೇ ಇತ್ತು. ಮೇಷ್ಟ್ರು ಚೆಂಡನ್ನು ಕಂಕುಳಲ್ಲಿಟ್ಟು ನನ್ನ ಬದಿಯ ಗೆರೆಯ ಗುಂಟ ಓಡಿ ಬಂದ. ನಾನು ಅಡ್ಡ ಹಾಕಲು ಹಾರಿದೆ, ಇನ್ನೇನು ಕೈಗೆ ಸಿಗಬೇಕು, ಅಷ್ಟರಲ್ಲಿ ನನ್ನ ಎಡಗಾಲು ಬಿಳಿ ಗೆರೆಯ ಆಚೆ ಬಿತ್ತು.

ನಾನು ನಿಂತುಬಿಟ್ಟೆ.

ಕಬಡ್ಡಿಯಲ್ಲಿ ಗೆರೆ ದಾಟಿದ ಕಾಲು ಸತ್ತ ಕಾಲು. ಸೆಲ್ಫ್ ಔಟ್. ಯಾರೂ ಹೇಳಬೇಕಾಗಿಲ್ಲ, ಮರ್ಯಾದಸ್ಥ ಆಟಗಾರ ತಾನೇ ಕೈ ಎತ್ತಿ ಹೊರಗೆ ಹೋಗಿ ಕೂರಬೇಕು. ಹದಿನೈದು ವರ್ಷ ಹಾಗೆಯೇ ಮಾಡಿದ ಕಾಲುಗಳು ನನ್ನನ್ನು ಕೇಳಲೂ ಇಲ್ಲ. ನಾನು ಕೈ ಎತ್ತಿ, ತಲೆ ತಗ್ಗಿಸಿ, ಹೊರಗೆ ನಡೆದು, ನೆಲದ ಮೇಲೆ ಕೂತೇಬಿಟ್ಟೆ! ಮೇಷ್ಟ್ರು ಹಿಂದೆ ತಿರುಗಿ ನೋಡಿದ, ನಂಬಲಾಗದೆ ಇನ್ನೊಂದು ಸಲ ನೋಡಿದ, ಆಮೇಲೆ ಓಡಿಹೋಗಿ ಆರು ಅಂಕ ತೆಗೆದುಕೊಂಡ.

“ಎಂಥ ಕೂತದ್ದು ಮಾರಾಯ್ರೆ? ಏಳಿ! ಓಡಿ!” ಎಂದು ಹೆಂಡತಿ ಬೇಲಿ ಹಿಡಿದು ಕಿರುಚುತ್ತಿದ್ದಳು. ಆಗ ನನಗೆ ಪ್ರಜ್ಞೆ ಬಂತು. ಈ ಆಟದಲ್ಲಿ ಹಿಡಿಯುವವನ ಕಾಲು ಗೆರೆ ದಾಟಿದರೆ ಏನೂ ಆಗುವುದಿಲ್ಲ, ಮತ್ತೆ ಒಳಗೆ ಬಂದು ಹಿಡಿಯಬಹುದು. ಚೆಂಡು ಹಿಡಿದವನ ಕಾಲಿಗೆ ಮಾತ್ರ ಆ ಕಾನೂನು. ನನಗದು ಗೊತ್ತಿತ್ತು, ನಿಯಮಗಳ ಪುಸ್ತಕದಲ್ಲಿ ಓದಿದ್ದೆ. ತಲೆಗೆ ಗೊತ್ತಿದ್ದದ್ದು ಕಾಲಿಗೆ ಗೊತ್ತಿರಲಿಲ್ಲ. ಆರು ಅಂಕ ಬಂದ ಮೇಲೆ ಕಂಬಗಳ ನಡುವೆ ಚೆಂಡು ಒದ್ದು ಒಂದು ಅಂಕ ಹೆಚ್ಚಿಗೆ ಪಡೆಯುವ ಅವಕಾಶ ಇರುತ್ತದೆ. ನಮ್ಮ ಪುಣ್ಯಕ್ಕೆ ಅವರ ಒದೆ ಗುರಿ ತಪ್ಪಿತು. ಅರ್ಧ ಮುಗಿಯಿತು, ಆರು-ಸೊನ್ನೆ.

ವೃತ್ತವಾಗಿ ಕೂತೆವು. ನಾನು ಹಲ್ಲು ಕಚ್ಚಿ ಕಾಯುತ್ತಿದ್ದೆ, ಯಾರಾದರೂ ಒಬ್ಬರು ಬಯ್ಯಲಿ ಎಂದು. ಬ್ಯಾಂಕಿನವನು ತಾನು ಮೇಷ್ಟ್ರನ್ನು ಮೊದಲೇ ತಡೆಯಬೇಕಿತ್ತು ಎಂದ. ಅಕೌಂಟೆಂಟ್ ತಾನು ನಿಧಾನ ಎಂದರು. ಎಲ್ಲರೂ ನನ್ನ ತಪ್ಪನ್ನು ಬಿಟ್ಟು ತಮ್ಮತಮ್ಮದನ್ನು ಹುಡುಕಿ ಹುಡುಕಿ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ಸಾಕು ಮಾಡಿ!” ಎಂದು ಕೂಗಿದೆ. “ತಪ್ಪು ನನ್ನದು. ನನ್ನದು ಮಾತ್ರ. ಬಿಸಿಲಿನದ್ದಲ್ಲ!”

ಬುಚೋ ನನ್ನನ್ನೇ ನೋಡಿದರು. “ನಿಮ್ಮ ಆಟದಲ್ಲಿ ಗೆರೆ ಎಂದರೆ ಏನು?” ಎಂದು ಕೇಳಿದರು. ಹೇಳಿದೆ. ಗೆರೆ, ಔಟು, ಕೈ ಎತ್ತುವುದು, ಹೋಗಿ ಕೂರುವುದು, ಎಲ್ಲ ಹೇಳಿದೆ. ಹತ್ತು ಬಾಯಿಗಳಿಂದ ಒಟ್ಟಿಗೆ “ಓ...” ಎಂದು ಬಂತು. ಅಕೌಂಟೆಂಟ್ ನನ್ನ ಬೆನ್ನ ಮೇಲೆ ಕೈಯಿಟ್ಟು, ಅದು ಬಹಳ ಪ್ರಾಮಾಣಿಕ ಆಟ ಎಂದರು. ಬುಚೋ ಎದ್ದು ನಿಂತು ನನ್ನ ಮುಂದೆ ಸೊಂಟದವರೆಗೆ ಬಾಗಿದರು. “ನನ್ನ ಆಟವನ್ನು ನಿಮಗೆ ಕಲಿಸಿದೆ. ನಿಮ್ಮ ಆಟವನ್ನು ಕೇಳಲಿಲ್ಲ. ಕ್ಷಮಿಸಿ,” ಎಂದರು.

ವಿಭಾಗದ ಮುಖ್ಯಸ್ಥ ಸ್ಟೋರಿನವನಿಗೆ ಬಾಗುವುದೆಂದರೇನು! ಅದೂ ತನ್ನ ಕೊನೆಯ ಪಂದ್ಯವನ್ನು ಹಾಳು ಮಾಡಿದವನಿಗೆ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಬೇಡಿ. ಹೆಲ್ಮೆಟ್ ಎತ್ತಿಕೊಂಡು, ಇಲ್ಲಿನ ಅರಬ್ಬಿಯಲ್ಲಿ ನಡೀರಿ ಎನ್ನುವ ಹಾಗೆ, “ಯಲ್ಲಾ!” ಎಂದೆ. ಹತ್ತು ಜಪಾನಿಗಳು, “ಯಲ್ಲಾ!” ಎಂದು ಹೂಂಕರಿಸಿದರು.

ಎರಡನೆಯ ಅರ್ಧದಲ್ಲಿ ನಾವು ಮನುಷ್ಯರಂತೆ ಆಡಲಿಲ್ಲ. ಚೆಂಡು ನಮ್ಮದಾದಾಗ ಬುಚೋ ಹಿಂದೆ ನಿಂತು ಎಸೆಯುತ್ತಿದ್ದರು, ನಾವು ಮುಂದೆ ನಿಂತು ಅವರ ಮೈಮೇಲೆ ಯಾರೂ ಬೀಳದಂತೆ ತಡೆಯುತ್ತಿದ್ದೆವು. ನನ್ನೆದುರು ನಿಂತಿದ್ದವನು ನನಗಿಂತ ಮೂವತ್ತು ಕಿಲೋ ಹೆಚ್ಚಿದ್ದ. ಅವನು ತಳ್ಳಿದ, ನಾನು ಬೇರು ಬಿಟ್ಟೆ. ಗಜ ಗಜವಾಗಿ ಮುಂದೆ ಹೋದೆವು. ನಾಲ್ಕನೆಯ ಅವಕಾಶ ಒಂದರಲ್ಲಿ ಬುಚೋ ಚೆಂಡನ್ನು ಎತ್ತಿ ಎಸೆದರು. ಅದು ತಿರುಗುತ್ತಾ ತಿರುಗುತ್ತಾ ಹೋದದ್ದನ್ನು ನಾನು ನೆಲದ ಮೇಲೆ ಬಿದ್ದುಕೊಂಡು ಹೆಲ್ಮೆಟ್ಟಿನ ಸರಳಿನ ಸಂದಿಯಿಂದ ನೋಡಿದೆ. ಕೊನೆಯ ಗೆರೆಯ ಆಚೆ ಹಡಗು ಕಂಪೆನಿಯ ಉದ್ದನೆಯ ಹುಡುಗ ಬೆರಳ ತುದಿಯಲ್ಲಿ ಹಿಡಿದ. ಆರು-ಆರು! ಆಮೇಲೆ ಅಕೌಂಟೆಂಟ್ ಮೂರು ಹೆಜ್ಜೆ ಅಳೆದು ಹಿಂದೆ ಹೋಗಿ, ಕನ್ನಡಕ ಸರಿ ಮಾಡಿಕೊಂಡು, ಒದ್ದರು. ಚೆಂಡು ಕಂಬಗಳ ನಡುವೆ ಹೋಯಿತು. ಏಳು-ಆರು. ನನ್ನ ಹೆಂಡತಿ ಯಾರೋ ಗುರುತಿಲ್ಲದ ಜಪಾನಿ ಹೆಂಗಸನ್ನು ತಬ್ಬಿಕೊಂಡು ಕುಣಿಯುತ್ತಿದ್ದಳು.

ಇನ್ನು ನಾಲ್ಕು ನಿಮಿಷ ಹಿಡಿದು ನಿಲ್ಲಬೇಕಿತ್ತು. ನಾಲ್ಕು ನಿಮಿಷ ಅಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವರಲ್ಲಿ ಹೊಸ ಕಾಲುಗಳು ಬರುತ್ತಲೇ ಇದ್ದವು. ನಾವು ಹಿಂದೆ ಹಿಂದೆ ಸರಿದು ಕೊನೆಗೆ ನಮ್ಮ ಗೆರೆಯಿಂದ ಎರಡೇ ಗಜ ಉಳಿಯಿತು. ಅವರ ಮೂರನೆಯ ಅವಕಾಶದಲ್ಲಿ ಮೇಷ್ಟ್ರು ನುಗ್ಗಿದ, ಆರೇಳು ಜನ ಅವನ ಮೇಲೆ ಬಿದ್ದೆವು. ಎಲ್ಲರೂ ಎದ್ದರು. ಬುಚೋ ಏಳಲಿಲ್ಲ.

ಅವರು ಕೈಯೂರಿ ಏಳಹೋದರು, ಬಲ ಮೊಣಕಾಲು ಮಡಚಿತು, ಮತ್ತೆ ಕೂತರು. ಗಡಿಯಾರ ಓಡುತ್ತಿತ್ತು. ಎದುರಾಳಿಗಳು ನಾಲ್ಕನೆಯ ಅವಕಾಶಕ್ಕೆ ಸಾಲು ಕಟ್ಟಲು ಧಾವಿಸುತ್ತಿದ್ದರು. ಅದೇ ಕೊನೆಯದು. ರೆಫರಿ ಬುಚೋ ಕಡೆಗೆ ನೋಡಿದ, ಸೀಟಿ ಬಾಯಿಯ ಹತ್ತಿರ ಹೋಯಿತು. ಪೆಟ್ಟಾದವನಿಗಾಗಿ ಆಟ ನಿಲ್ಲಿಸಿದರೆ ಆ ಆಟಗಾರ ಮುಂದಿನ ಒಂದು ಅವಕಾಶ ಮುಗಿಯುವವರೆಗೆ ಹೊರಗಿರಲೇಬೇಕು, ಅದು ನಿಯಮ. ನಾವು ಹತ್ತೇ ಜನ ಆಡಬಹುದು. ಗೆದ್ದರೂ ಗೆಲ್ಲಬಹುದು. ಆದರೆ ಬುಚೋ ಮತ್ತೆ ಗೆರೆಯ ಆಚೆ!

ನಾನು ಓಡಿಹೋಗಿ ಅವರ ಕಂಕುಳಿಗೆ ಕೈ ಹಾಕಿದೆ. “ಏಳಿ ಬುಚೋ, ಏಳಿ ಮಾರಾಯ್ರೆ! ಇಷ್ಟು ದೂರ ಬಂದು ಪುನಃ ಹೊರಗೆ ಹೋಗ್ಲಿಕ್ಕಾ? ಏಳಿ!” ಎಂದು ಕನ್ನಡದಲ್ಲೇ ಬೈದೆ. ಒಂದಕ್ಷರವೂ ಅವರಿಗೆ ತಿಳಿದಿರಲಿಕ್ಕಿಲ್ಲ. ಆದರೆ ಎದ್ದರು. ಮೈಭಾರವೆಲ್ಲ ನನ್ನ ಹೆಗಲ ಮೇಲೆ. ರೆಫರಿ ಹತ್ತಿರ ಬಂದು, “ಓಕೆ?” ಎಂದ. ಬುಚೋ ಬೆವರಿನಲ್ಲಿ ತೊಯ್ದ ಮುಖದಲ್ಲಿ ನಕ್ಕು, “ಓಕೆ, ಓಕೆ, ನೋ ಪ್ರಾಬ್ಲಂ,” ಎಂದರು. ಬೇಲಿಯ ಆಚೆ ನನ್ನ ಹೆಂಡತಿ ತಲೆ ಚಚ್ಚಿಕೊಳ್ಳುತ್ತಿದ್ದಳು. ನರ್ಸಿನ ದೃಷ್ಟಿಯಲ್ಲಿ ಅವಳದ್ದೇ ಸರಿ, ನಾನು ವಾದಿಸುವುದಿಲ್ಲ.

ಅವರನ್ನು ನಮ್ಮೆಲ್ಲರ ಹಿಂದೆ, ಕೊನೆಯ ಗೆರೆಯ ಒಳಗೆ ಒಂಟಿ ಕಾಲಿನ ಮೇಲೆ ನಿಲ್ಲಿಸಿದೆ. “ಇಲ್ಲೇ ನಿಲ್ಲಿ. ಏನೂ ಮಾಡಬೇಡಿ,” ಎಂದು ಇಂಗ್ಲಿಷಿನಲ್ಲಿ ಆಜ್ಞೆ ಮಾಡಿದೆ. “ಹಾಯ್,” ಎಂದರು ಅವರು. ಜಪಾನಿಯಲ್ಲಿ ಅದರರ್ಥ ಆಗಲಿ ಎಂದು.

ಆರು ಸೆಕೆಂಡು ಉಳಿದಿತ್ತು. ಚೆಂಡು ಮೇಷ್ಟ್ರ ಕೈಗೇ ಹೋಯಿತು. ಈ ಸಲ ಅವನು ನನ್ನ ಕಡೆ ಬರಲಿಲ್ಲ, ನಟ್ಟನಡುವೆ ನುಗ್ಗಿದ. ಅಕೌಂಟೆಂಟ್ ಅವನ ಸೊಂಟಕ್ಕೆ ಜೋತು ಬಿದ್ದರು. ಬ್ಯಾಂಕಿನವನು ಬೆನ್ನಿಗೇರಿದ. ಹಾಗಿದ್ದೂ ಅವನು ಇಬ್ಬರನ್ನೂ ಹೊತ್ತುಕೊಂಡು ಒಂದು ಹೆಜ್ಜೆ ಇಟ್ಟ. ಇನ್ನೊಂದು ಹೆಜ್ಜೆಗೆ ಕಾಲೆತ್ತಿದ. ನಾನು ಬದಿಯಿಂದ ಹಾರಿ ಎತ್ತಿದ ಆ ಕಾಲನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡೆ, ಕಣ್ಣು ಮುಚ್ಚಿದೆ, ನನ್ನ ಮೇಲೆ ಎಷ್ಟು ಜನ ಬಿದ್ದರೋ ಗೊತ್ತಿಲ್ಲ. ಯಾರದೋ ಮೊಣಕೈ, ಯಾರದೋ ಬೂಟು, ಯಾರದೋ ಉಸಿರು. ಉದ್ದನೆಯ ಸೀಟಿ ಕೇಳಿಸಿತು.

ರಾಶಿಯಿಂದ ಒಬ್ಬೊಬ್ಬರಾಗಿ ಎದ್ದರು. ಚೆಂಡು ನನ್ನ ಮೂಗಿನ ಹತ್ತಿರವೇ ಇತ್ತು. ಗೆರೆ ಅಲ್ಲಿಂದ ಒಂದು ಮೊಳ ಆಚೆ. ರೆಫರಿ ನೋಡಿದ, ಅಂಕ ಕೊಡುವಾಗ ಎತ್ತುವ ಕೈಗಳನ್ನು ಎತ್ತದೆ ಇಲ್ಲವೆಂದು ತಲೆಯಾಡಿಸಿದ. ಮೇಷ್ಟ್ರು ನನ್ನ ಹೆಲ್ಮೆಟ್ ಮೇಲೆ ಒಂದು ಏಟು ಕೊಟ್ಟು ಕೈ ಹಿಡಿದೆತ್ತಿದ. ನಾನು ತಿರುಗಿ ನೋಡಿದೆ. ಬುಚೋ ನಾನು ನಿಲ್ಲಿಸಿದ ಜಾಗದಲ್ಲೇ ಒಂಟಿ ಕಾಲಿನ ಮೇಲೆ ತೂಗಾಡುತ್ತಾ ನಿಂತಿದ್ದರು. ಅಷ್ಟು ಜನರ ಬೆನ್ನುಗಳ ಹಿಂದೆ ಅವರಿಗೆ ಚೆಂಡು ಕಂಡಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು, ಬಾಯಿ ಅರ್ಧ ತೆರೆದಿತ್ತು. ಜಪಾನಿಯಲ್ಲಿ ಏನೋ ಕೇಳಿದರು. ಏನು ಕೇಳಿದರೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಗೆದ್ದೆವು ಮಾರಾಯ್ರೇ! ಗೆದ್ದೆವು!” ಎಂದು ಕೂಗುತ್ತಾ ಓಡಿಹೋಗಿ ಅವರು ಬೀಳುವ ಮೊದಲೇ ಹಿಡಿದುಕೊಂಡೆ.

ಹೆಂಡತಿ ಐಸಿನ ಪೆಟ್ಟಿಗೆ ಎತ್ತಿಕೊಂಡು ಗೆರೆಯ ತನಕ ಬಂದು, ಹೊರಗೆ ಕುರ್ಚಿ ಹಾಕಿ ಕರೆದಳು. “ಬನ್ನಿ ಸರ್, ಕಾಲು ಕೆಳಗಿಡ್ಬೇಡಿ, ಇಲ್ಲಿಗೆ ಬನ್ನಿ.” ನಾವು ಅವರನ್ನು ಎತ್ತಲು ಹೋದೆವು. ಬುಚೋ ಬೇಡವೆಂದು ಕೈಯಾಡಿಸಿದರು. ಹೆಲ್ಮೆಟ್ ತೆಗೆದರು. ಹುಲ್ಲು ನೋಡಿದರು, ಅಂಕದ ಹಲಗೆ ನೋಡಿದರು, ನಮ್ಮ ಹತ್ತೂ ಜನರ ಮುಖವನ್ನು ಒಂದೊಂದಾಗಿ ನೋಡಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಐದು ನಿಮಿಷ,” ಎಂದರು. “ಇಲ್ಲೇ ಐದು ನಿಮಿಷ ಇರುತ್ತೇನೆ.”

ಹೆಂಡತಿ ನನ್ನ ಮುಖ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಐಸಿನ ಪೆಟ್ಟಿಗೆಯನ್ನು ಹಿಡಿದುಕೊಂಡು, ಗೆರೆ ದಾಟಿ ತಾನೇ ಒಳಗೆ ಬಂದಳು.